ಮೂರು ಗೆರೆಯ ಸಿಗ್ಮ : ಗ್ರೀಕ್ ಶಾಸನಾಧ್ಯಯನದ ಒಂದು ವಿವಾದದ ವಿಮರ್ಶೆ

ಅಚ್ಚಾದ ಶಾಸನಪಾಠವೊಂದನ್ನು ಕೈಗೆತ್ತಿಕೊಂಡ ವಾಚಕನು ತನಗರಿವಿಲ್ಲದೆಯೇ ಇಬ್ಬರ ಮಾತನ್ನು ಏಕಕಾಲದಲ್ಲಿ ಓದುತ್ತಿರುತ್ತಾನೆ. ಒಂದು, ಕಲ್ಲನ್ನು ಕಂಡರಿಸಿದವನ ಮಾತು. ಇನ್ನೊಂದು, ಕಲ್ಲು ಒಡೆದು ಸವೆದು ಹೋದೆಡೆಯಲ್ಲಿ ಇಂಥ ಅಕ್ಷರವೇ ಇದ್ದಿರಬೇಕೆಂದು ಊಹಿಸಿ ತುಂಬಿದ ಸಂಪಾದಕನ ಮಾತು. ಈ ಎರಡೂ ಒಂದೇ ಸಾಲಿನಲ್ಲಿ, ಒಂದೇ ಅಚ್ಚಿನ ಮೊಳೆಯಲ್ಲಿ ಬರುವುದರಿಂದ ಇವುಗಳನ್ನು ಬೇರ್ಪಡಿಸುವ ಸಾಧನವೆಂದರೆ ಚೌಕಾಕಾರದ ಕಂಸವೊಂದೇ. ನಮ್ಮ ಶಾಸನಸಂಪುಟಗಳನ್ನು ಬಳಸಿದ ವಿದ್ಯಾರ್ಥಿಗಳಿಗೆ ಈ ಕಂಸಗಳು ಅಪರಿಚಿತವಲ್ಲ. ಗ್ರೀಕ್ ಲ್ಯಾಟಿನ್ ಪಾಠಗಳ ವಿಷಯದಲ್ಲಿ 1931ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಸೇರಿದ ವಿದ್ವಾಂಸರು ಇದಕ್ಕೊಂದು ಸರ್ವಸಮ್ಮತವಾದ ಕಟ್ಟಳೆಯನ್ನೇ ಮಾಡಿದರು: ಕಳೆದುಹೋದುದನ್ನು ತುಂಬಿದರೆ ಚೌಕ ಕಂಸ, ಅರೆಬರೆಯಾಗಿ ಉಳಿದು ಸಂದೇಹಾಸ್ಪದವಾದ ಅಕ್ಷರದ ಕೆಳಗೆ ಒಂದು ಚುಕ್ಕೆ. ಈ ಚುಕ್ಕೆಯಷ್ಟು ಪ್ರಾಮಾಣಿಕವಾದ ಚಿಹ್ನೆ ವಿದ್ವತ್ಪ್ರಪಂಚದಲ್ಲಿ ಬೇರೊಂದಿಲ್ಲವೆಂದೇ ನನ್ನ ಭಾವನೆ. ಆದರೆ ಚುಕ್ಕೆಯನ್ನು ಇಡುವವರಿಗಿಂತ ಮರೆಯುವವರೇ ಹೆಚ್ಚು. ಮರೆತರೆ ಏನಾಗುತ್ತದೆಂಬುದಕ್ಕೆ ಕ್ರಿ.ಪೂ. ಐದನೆಯ ಶತಮಾನದ ಅಥೆನ್ಸಿನ ಶಾಸನಗಳನ್ನು ಕುರಿತ ವಿವಾದವು ಒಂದು ಉತ್ತಮ ನಿದರ್ಶನ.

ಪಾಶ್ಚಾತ್ಯ ಶಾಸನಾಧ್ಯಯನದ ಪೂರ್ವೇತಿಹಾಸವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಬರ್ಲಿನ್ನಿನ ಆಗಸ್ಟ್ ಬೋಕ್ ಪಂಡಿತನು ಗ್ರೀಕ್ ಶಾಸನಗಳ ಮಹಾಸಂಪುಟವನ್ನು 1825ರಿಂದ ಹೊರತರಲಾರಂಭಿಸಿದನು. ಲ್ಯಾಟಿನ್ ಶಾಸನಗಳ ಪಾಲಿಗೆ ಥಿಯೊಡೋರ್ ಮೊಮ್ಸೆನ್ ಅದೇ ಕೆಲಸವನ್ನು ಇನ್ನೂ ಕಟ್ಟುನಿಟ್ಟಾಗಿ ನಡೆಸಿದನು; ಅವನ ಮೊದಲ ಸಂಪುಟ 1863ರಲ್ಲಿ ಬೆಳಕು ಕಂಡಿತು. ಇತರರ ನಕಲನ್ನು ನಂಬದೆ ಕಲ್ಲನ್ನು ಕಣ್ಣಾರೆ ಕಂಡೇ ಪಾಠ ನಿರ್ಣಯಿಸಬೇಕೆಂಬುದು ಮೊಮ್ಸೆನ್ನನ ನಿಯಮ. ಅದಕ್ಕೆ ಕಾರಣವೂ ಇತ್ತು. ಹದಿನಾರನೆಯ ಶತಮಾನದ ಪಿರ್ರೊ ಲಿಗೋರಿಯೊ ಎಂಬ ಇಟಲಿಯ ಕಲಾವಿದನು ಎಂದೂ ಇಲ್ಲದ ಎಷ್ಟೋ ರೋಮನ್ ಶಾಸನಗಳನ್ನು ತಾನೇ ರಚಿಸಿ ಬರೆದಿಟ್ಟಿದ್ದನು. ಅಂಥವನ್ನೆಲ್ಲ ಆರಿಸಿ, ತಲೆಗೊಂದು ನಕ್ಷತ್ರಚಿಹ್ನೆ ಹಾಕಿ, ಕೃತಕಗಳೆಂದು ಬೇರೆ ಪಂಕ್ತಿಯಲ್ಲಿ ಕೂರಿಸಿದ್ದು ಆ ಸಂಪುಟಗಳ ದೊಡ್ಡ ಸಾಧನೆ. ಖೋಟಾ ಶಾಸನವನ್ನು ಹೀಗೆ ಪಂಕ್ತಿಯಿಂದ ಎಬ್ಬಿಸಬಹುದು. ಸಜ್ಜನನಾದ ಸಂಪಾದಕನ ಸದ್ಭಾವದ ಊಹೆಯನ್ನು ಎಬ್ಬಿಸುವುದು ಅದಕ್ಕಿಂತ ಕಷ್ಟದ ಕೆಲಸ.

ಈಗ ಅಥೆನ್ಸಿಗೆ ಬರೋಣ. ಪೆರಿಕ್ಲೀಸನ ಕಾಲದ ಅಥೆನ್ಸು ತನ್ನ ಪ್ರಜಾಸಭೆಯ ನಿರ್ಣಯಗಳನ್ನು ಅಮೃತಶಿಲೆಯ ಮೇಲೆ ಕಂಡರಿಸಿ ಜನರ ಕಣ್ಣಿಗೆ ಬೀಳುವಂತೆ ನಿಲ್ಲಿಸುತ್ತಿತ್ತು. ಈ ಕಲ್ಲುಗಳಲ್ಲಿ ಎರಡು ವೈಶಿಷ್ಟ್ಯಗಳುಂಟು. ಅಕ್ಷರಗಳನ್ನು ಚದುರಂಗದ ಮನೆಗಳಲ್ಲಿ ಕಾಯಿ ಇಟ್ಟಂತೆ ಅಡ್ಡಕ್ಕೂ ಉದ್ದಕ್ಕೂ ಸಾಲು ಹಿಡಿದು ಕೆತ್ತುವುದು ಮೊದಲನೆಯದು. ಇದರಿಂದಾಗಿ ಕಲ್ಲು ಒಡೆದಿದ್ದರೂ ಎಷ್ಟು ಅಕ್ಷರಗಳು ನಷ್ಟವಾಗಿವೆ ಎಂದು ಎಣಿಸಬಹುದು. ಎಣಿಕೆ ಸಿಕ್ಕೊಡನೆ ಪೂರಣಕ್ಕೆ ಧೈರ್ಯ ಬರುತ್ತದೆ. ಆದರೆ ಏಳು ಮನೆ ಖಾಲಿಯಿದೆ ಎಂದು ತಿಳಿದ ಮಾತ್ರಕ್ಕೆ ಆ ಏಳರಲ್ಲಿ ಯಾವ ಏಳು ಅಕ್ಷರಗಳಿದ್ದವೆಂದು ತಿಳಿದಂತಾಗುವುದಿಲ್ಲ. ಎರಡನೆಯದು, ಬಹುಪಾಲು ನಿರ್ಣಯಗಳಲ್ಲಿ ಕಾಲಸೂಚನೆ ಇಲ್ಲದಿರುವುದು. ವರ್ಷಕ್ಕೆ ತನ್ನ ಹೆಸರನ್ನು ಕೊಡುವ ಅಧಿಕಾರಿಗೆ ಅಲ್ಲಿ ಆರ್ಖಾನ್ ಎಂದು ಹೆಸರು. ಅವನ ಹೆಸರನ್ನು ನಿರ್ಣಯದ ತಲೆಯಲ್ಲಿ ತಪ್ಪದೆ ಬರೆಯುವ ವಾಡಿಕೆ ಕ್ರಿ.ಪೂ. 420ರ ವೇಳೆಗೆ ಮಾತ್ರ ನೆಲೆಗೊಂಡಿತು. ಅದಕ್ಕೂ ಹಿಂದಿನ ಕಲ್ಲುಗಳಿಗೆ ಕಾಲವನ್ನು ಕೊಡಬೇಕಾದವನು ಶಾಸನತಜ್ಞನೇ.

ಅವನಿಗೆ ಉಳಿದ ದಾರಿ ಲಿಪಿಯ ರೂಪ. ನಮ್ಮಲ್ಲಿಯೂ ತೇದಿಯಿಲ್ಲದ ಹಲ್ಮಿಡಿ ಶಾಸನವನ್ನು ಕ್ರಿ.ಶ. 450ರ ಸುಮಾರಿಗೆ ಇಟ್ಟಿರುವುದರಲ್ಲಿ ಲಿಪಿಲಕ್ಷಣಕ್ಕೆ ದೊಡ್ಡ ಪಾಲಿದೆ. ಅಥೆನ್ಸಿನಲ್ಲಿ ಈ ಭಾರವನ್ನೆಲ್ಲ ಹೊತ್ತದ್ದು ಸಕಾರವನ್ನು ಸೂಚಿಸುವ ಸಿಗ್ಮ ಎಂಬ ಅಕ್ಷರ. ಹಳೆಯ ಕಲ್ಲುಗಳಲ್ಲಿ ಇದಕ್ಕೆ ಮೂರು ಗೆರೆ, ಮಿಂಚಿನ ಸೊಟ್ಟಗೆರೆಯಂತೆ. ಅನಂತರದವುಗಳಲ್ಲಿ ನಾಲ್ಕು ಗೆರೆ. ಕಾಲ ನಿಶ್ಚಿತವಾಗಿರುವ ಸಾರ್ವಜನಿಕ ಶಾಸನಗಳನ್ನು ಪರಿಶೀಲಿಸಿದಾಗ ಮೂರು ಗೆರೆಯ ಸಿಗ್ಮ ಕ್ರಿ.ಪೂ. 446ರ ಸುಮಾರಿಗೆ ನಿಂತುಹೋಗುತ್ತದೆಂದು ಕಂಡುಬಂತು. ಇಲ್ಲಿಯವರೆಗೆ ಇದು ಅವಲೋಕನ. ಇದಾದ ಮೇಲೆ ಇದೇ ಮಾತು ಮಗ್ಗುಲು ಬದಲಿಸಿ, ಮೂರು ಗೆರೆಯ ಸಿಗ್ಮವಿರುವ ಯಾವ ಕಲ್ಲೂ 446ಕ್ಕಿಂತ ಈಚಿನದಾಗಿರಲಾರದೆಂಬ ಶಾಸನವಾಯಿತು. ಅವಲೋಕನವು ನಿಯಮವಾದ ಈ ಸಂಕ್ರಮಣದಲ್ಲಿಯೇ ತೊಡಕಿನ ಬೀಜವಿದೆ. ತೇದಿಯಿಲ್ಲದ ಕಲ್ಲುಗಳನ್ನೆಲ್ಲ ನಿಯಮದಂತೆ 446ರ ಹಿಂದಕ್ಕೆ ತಳ್ಳಿ, ಆಮೇಲೆ ‘ನೋಡಿರಿ, ಈಚಿನ ಉದಾಹರಣೆ ಒಂದೂ ಇಲ್ಲ’ ಎಂದರೆ ಅದು ತರ್ಕಶಾಸ್ತ್ರದಲ್ಲಿ ಚಕ್ರಕದೋಷವೆನಿಸುತ್ತದೆ.

ಈ ನಿಯಮಕ್ಕೆ ಬೆನ್ನೆಲುಬಾಗಿ ನಿಂತ ಗ್ರಂಥ ಸಾಮಾನ್ಯವಾದುದಲ್ಲ. ಬೆಂಜಮಿನ್ ಮೆರಿಟ್, ವೇಡ್‌ಗೆರಿ ಮತ್ತು ಮೆಕ್‌ಗ್ರೆಗರ್ ಈ ಮೂವರು 1939ರಿಂದ 1953ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದ ಅಥೆನ್ಸಿನ ಕಪ್ಪದ ಪಟ್ಟಿಗಳು ಅಧ್ಯಯನಶೀಲತೆಯ ಒಂದು ಶಿಖರವೆಂದರೆ ಅತ್ಯುಕ್ತಿಯಲ್ಲ. ಮಿತ್ರರಾಜ್ಯಗಳು ಸಲ್ಲಿಸಿದ ಕಪ್ಪದಲ್ಲಿ ಅರವತ್ತನೆಯ ಒಂದು ಪಾಲು ಅಥೀನಾ ದೇವಿಗೆ ಮೀಸಲು. ಕ್ರಿ.ಪೂ. 454/3ರಿಂದ ಮೊದಲ್ಗೊಂಡು ಆ ಮೀಸಲಿನ ಲೆಕ್ಕವನ್ನು ವರ್ಷವರ್ಷವೂ ಕಲ್ಲಿಗೇರಿಸಿದರು. (ಅಥೆನ್ಸಿನ ವರ್ಷ ಬೇಸಿಗೆಯ ನಡುವೆ ಮೊದಲಾಗುವುದರಿಂದ ಹೀಗೆ ಎರಡು ಅಂಕೆ.) ಮೊದಲನೆಯ ಮಹಾಶಿಲೆಯ ಮೇಲೆ ಹದಿನೈದು ವರ್ಷಗಳ ಲೆಕ್ಕವಿತ್ತು. ಅದು ನೂರಕ್ಕೂ ಮೇಲ್ಪಟ್ಟ ತುಣುಕುಗಳಾಗಿ ಚದುರಿಹೋಗಿತ್ತು. ಅವನ್ನು ಒಂದೊಂದಾಗಿ ಹೊಂದಿಸಿ, ಸಿಕ್ಕ ಮೊತ್ತವನ್ನು ಅರವತ್ತರಿಂದ ಗುಣಿಸಿ, ಯಾವ ಊರು ಎಷ್ಟು ಕಪ್ಪ ಕೊಟ್ಟಿತೆಂದು ಹೇಳಿದವರು ಇವರು. ಈ ಪರಿಶ್ರಮಕ್ಕೆ ತಲೆಬಾಗದೆ ಮುಂದಕ್ಕೆ ಹೋಗುವುದು ಕೃತಘ್ನತೆಯಾದೀತು.

ಆದರೂ ಒಂದು ಮಾತು ಹೇಳಲೇಬೇಕು. ಈ ಸಂಪುಟಗಳ ಆತ್ಮವಿಶ್ವಾಸ ಕೆಲವೆಡೆ ಕಲ್ಲಿನ ಶಕ್ತಿಯನ್ನು ಮೀರಿದೆ. ಹದಿನೈದರಲ್ಲಿ ಒಂದು ವರ್ಷದ ಪಟ್ಟಿ ಕಾಣುತ್ತಿಲ್ಲ. ಆ ವರ್ಷ ಕಪ್ಪವನ್ನೇ ವಸೂಲು ಮಾಡಲಿಲ್ಲವೆಂದೂ, ಪರ್ಷಿಯದೊಡನೆ ಆದ ಸಂಧಿಯೇ ಅದಕ್ಕೆ ಕಾರಣವೆಂದೂ ಸಂಪಾದಕರು ಸೌಧವನ್ನೇ ಕಟ್ಟಿದರು. ಶಿಲೆಯ ನೆತ್ತಿಯ ಮೇಲೆ ಇನ್ನೊಂದು ಕಲ್ಲು ಕಿರೀಟದಂತೆ ಕುಳಿತಿರಬಾರದೇಕೆ, ಕಾಣದ ಪಟ್ಟಿ ಅದರ ಮೇಲಿದ್ದಿರಬಾರದೇಕೆ ಎಂದು ಕೆಂಡ್ರಿಕ್ ಪ್ರಿಚೆಟ್ 1964ರಲ್ಲಿ ಕೇಳಿದರು. ಮೆರಿಟ್ ಒಪ್ಪಲಿಲ್ಲ. ಶಿಲೆಯ ಮೇಲ್ತುದಿಯ ಒಂದು ತುಣುಕಿನ ಅಂಚು ಒರಟೋ ನಯವೋ ಎಂಬುದರ ಮೇಲೆ ಪುಟಗಟ್ಟಲೆ ವಾದ ಬೆಳೆಯಿತು. ಅಂತರರಾಷ್ಟ್ರೀಯ ಸಂಧಿಯೊಂದರ ಅಸ್ತಿತ್ವ ಇಂಥ ಅಂಚಿಗೆ ತಗುಲಿಕೊಂಡಿರುವುದನ್ನು ಕಂಡಾಗ ಹೊರಗಿನವನಿಗೆ ನಗು ಬಂದರೆ ತಪ್ಪಲ್ಲ. ಒಳಗಿನವನು ನಗಲಾರ, ಅವನಿಗೆ ಬೇರೆ ಆಧಾರವಿಲ್ಲ.

ಸಿಗ್ಮದ ನಿಯಮ ಚರಿತ್ರೆಯನ್ನು ಹೇಗೆ ಸರಿಸಿತೆಂಬುದಕ್ಕೆ ನಾಣ್ಯಶಾಸನವನ್ನು ನೋಡಬೇಕು. ಮಿತ್ರರಾಜ್ಯಗಳೆಲ್ಲ ಅಥೆನ್ಸಿನ ನಾಣ್ಯ, ತೂಕ, ಅಳತೆಗಳನ್ನೇ ಬಳಸಬೇಕೆಂದು ವಿಧಿಸಿದ ನಿರ್ಣಯವಿದು. ಇದರ ಪ್ರತಿಗಳ ಚೂರುಗಳು ಬೇರೆ ಬೇರೆ ಊರುಗಳಲ್ಲಿ ದೊರೆತಿವೆ. ಕ್ರಿ.ಪೂ. 414ರಲ್ಲಿ ಪ್ರಯೋಗಗೊಂಡ ಅರಿಸ್ಟೋಫನೀಸನ ‘ಹಕ್ಕಿಗಳು’ ನಾಟಕದಲ್ಲಿ ನಿರ್ಣಯಗಳನ್ನು ಮಾರಿಕೊಂಡು ಬರುವ ಪಾತ್ರವೊಂದು ಇಂಥದೇ ವಿಧಿಯನ್ನು ಅಣಕಿಸುತ್ತದೆ. ಹಳಸಿದ ಸುದ್ದಿಗೆ ಪ್ರೇಕ್ಷಕರು ನಗುವುದಿಲ್ಲವಾದ್ದರಿಂದ ನಿರ್ಣಯವು ಆ ನಾಟಕಕ್ಕೆ ಸಮೀಪದ್ದೆಂದು ಹಿಂದಿನ ವಿದ್ವಾಂಸರು ತರ್ಕಿಸಿದ್ದರು. 1938ರಲ್ಲಿ ಮಾರಿಯೊ ಸೆಗ್ರೆ ಎಂಬ ಇಟಲಿಯ ತರುಣ ವಿದ್ವಾಂಸರು ಕೋಸ್ ದ್ವೀಪದ ಒಂದು ಚೂರನ್ನು ಪ್ರಕಟಿಸಿದರು. ಅದು ಅಥೆನ್ಸಿನ ಲಿಪಿಯಲ್ಲಿತ್ತು, ಸಿಗ್ಮಕ್ಕೆ ಮೂರು ಗೆರೆಯಿತ್ತು. ಅಷ್ಟಕ್ಕೇ ನಿರ್ಣಯವು ಮೂವತ್ತು ವರ್ಷಗಳಷ್ಟು ಹಿಂದಕ್ಕೆ, 450ರ ಆಸುಪಾಸಿಗೆ ಸರಿದುಹೋಯಿತು. ನಾಟಕದ ಸಾಕ್ಷ್ಯ ಮೂಲೆಗೆ ಸೇರಿತು. (ಯೆಹೂದ್ಯರಾದ ಸೆಗ್ರೆಯವರನ್ನು 1944ರಲ್ಲಿ ನಾಜಿಗಳು ಪತ್ನೀಪುತ್ರರ ಸಮೇತ ಆಷ್‌ವಿಟ್ಸಿನಲ್ಲಿ ಕೊಂದರು. ತಾವು ಪ್ರಕಟಿಸಿದ ಚೂರಿನ ಸುತ್ತ ಎದ್ದ ವಿವಾದವನ್ನು ಅವರು ಕಾಣಲಿಲ್ಲ.)

1961ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಮ್ಯಾಟಿಂಗ್ಲಿ ಈ ಚೂರನ್ನೇ ಹಿಡಿದು ಪ್ರಬಂಧವೊಂದನ್ನು ಬರೆದರು. ಅವರ ಪ್ರಶ್ನೆ ಸರಳವಾದುದು. ಭಾಷೆ, ವಿಷಯ, ರಾಜಕೀಯ ಸಂದರ್ಭ, ನಾಟಕದ ಸಾಕ್ಷ್ಯ ಇವೆಲ್ಲವೂ ಪೆಲೊಪೊನೀಸಿಯನ್ ಯುದ್ಧದ ಕಾಲವನ್ನೇ ಬೆರಳು ಮಾಡಿ ತೋರುತ್ತಿರಲು ಒಂದು ಅಕ್ಷರದ ಗೆರೆ ಮಾತ್ರ ಇವೆಲ್ಲವನ್ನೂ ಹೇಗೆ ಸೋಲಿಸಬಲ್ಲದು? ಮೆರಿಟ್ ಮತ್ತು ವೇಡ್‌ಗೆರಿ 1962 ಮತ್ತು 63ರಲ್ಲಿ ಉತ್ತರವಿತ್ತರು. 1966ರಲ್ಲಿ ರಸೆಲ್ ಮೆಗ್ಸ್ ಕಾಲನಿಶ್ಚಿತವಾದ ಶಾಸನಗಳ ಅಕ್ಷರರೂಪಗಳನ್ನೆಲ್ಲ ಕೋಷ್ಟಕಕ್ಕೆ ಇಳಿಸಿ ಹಳೆಯ ಪಕ್ಷವನ್ನೇ ಸಮರ್ಥಿಸಿದರು. ಮೆಗ್ಸರ ಲೇಖನ ಇಂದಿಗೂ ಓದತಕ್ಕದ್ದು. ತನ್ನ ಪಕ್ಷಕ್ಕೆ ಪ್ರತಿಕೂಲವಾಗಬಹುದಾದುದನ್ನೂ ಎದುರಾಳಿಯ ಕೈಗೆ ಸಿಗುವಂತೆ ತೆರೆದಿಟ್ಟ ಬರಹವದು. ಆದರೂ ಮೂವತ್ತು ವರ್ಷಗಳ ಕಾಲ ಮ್ಯಾಟಿಂಗ್ಲಿಯವರು ಬಹುಮಟ್ಟಿಗೆ ಒಂಟಿಯಾಗಿಯೇ ವಾದಿಸಬೇಕಾಯಿತು.

ಒಂದು ಗೆರೆಗಾಗಿ ಇಷ್ಟು ಜಗಳವೇಕೆ ಎಂದು ವಾಚಕರು ಕೇಳಬಹುದು. ಇದರಲ್ಲಿ ಅಡಗಿರುವುದು ಪೆರಿಕ್ಲೀಸನ ವ್ಯಕ್ತಿಚಿತ್ರ. ಅವನು ತೀರಿಕೊಂಡದ್ದು ಕ್ರಿ.ಪೂ. 429ರಲ್ಲಿ. ಅನಂತರ ಮುಂದಾಳಾದ ಕ್ಲಿಯಾನನನ್ನು ಥುಸಿಡಿಡೀಸನು ಉಗ್ರಸ್ವಭಾವದವನೆಂದು ಚಿತ್ರಿಸಿದ್ದಾನೆ. ಪೆರಿಕ್ಲೀಸನನ್ನಾದರೋ ಸಂಯಮಿಯೆಂದು ಕೊಂಡಾಡಿದ್ದಾನೆ. ಅಥೆನ್ಸಿನ ಆಧಿಪತ್ಯವು ದಬ್ಬಾಳಿಕೆಯಂತಾಗಿದೆ ಎಂದು ಪೆರಿಕ್ಲೀಸನ ಬಾಯಲ್ಲಿಯೂ, ದಬ್ಬಾಳಿಕೆಯೇ ಎಂದು ಕ್ಲಿಯಾನನ ಬಾಯಲ್ಲಿಯೂ ಅವನು ಆಡಿಸಿದ್ದಾನೆ. ‘ಅಂತೆ’ ಮತ್ತು ‘ಏ’ಕಾರಗಳ ನಡುವಣ ಈ ಅಂತರ ಇಬ್ಬರು ಮನುಷ್ಯರ ನಡುವಣ ಅಂತರವೋ ಅಥವಾ ಚರಿತ್ರಕಾರನ ಶೈಲಿಯೋ? ಮಿತ್ರರನ್ನು ಆಳುಗಳಂತೆ ಕಾಣುವ ಬಿಗಿಭಾಷೆಯ ನಿರ್ಣಯಗಳು 440ರ ದಶಕದವಾದರೆ ಅವು ಪೆರಿಕ್ಲೀಸನ ಲೆಕ್ಕಕ್ಕೆ ಸೇರುತ್ತವೆ, ಥುಸಿಡಿಡೀಸನ ಸ್ತುತಿ ಪಕ್ಷಪಾತವಾಗುತ್ತದೆ. ಅವು 420ರ ದಶಕದವಾದರೆ ಯುದ್ಧದ ಒತ್ತಡದಲ್ಲಿ ಹುಟ್ಟಿದ ಕಾಠಿಣ್ಯವೆನಿಸುತ್ತವೆ, ಚರಿತ್ರಕಾರನ ಮಾತು ನಿಲ್ಲುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವಿದು. ಒಬ್ಬ ಮಹಾಲೇಖಕನ ಸತ್ಯಸಂಧತೆ ಅವನು ಎಂದೂ ಬರೆಯದ ಒಂದು ಅಕ್ಷರದ ಆಕಾರದಿಂದ ತೂಗಿಸಿಕೊಳ್ಳುತ್ತಿದೆ.

ವಿವಾದ ತುದಿಮುಟ್ಟಿದ್ದು ಸೆಜೆಸ್ಟ ಶಾಸನದಲ್ಲಿ. ಸಿಸಿಲಿ ದ್ವೀಪದ ಪಶ್ಚಿಮದಲ್ಲಿರುವ ಸೆಜೆಸ್ಟ ನಗರದೊಡನೆ ಅಥೆನ್ಸು ಮಾಡಿಕೊಂಡ ಮೈತ್ರಿಯ ಕಲ್ಲಿದು. ಅಥೆನ್ಸಿನ ಶಾಸನ ವಸ್ತುಸಂಗ್ರಹಾಲಯದಲ್ಲಿದೆ. ಮೇಲ್ಮೈ ತೀರ ಸವೆದಿದೆ. ಸಿಗ್ಮಕ್ಕೆ ಮೂರು ಗೆರೆ. ಆದರೆ ಇಲ್ಲೊಂದು ಅದೃಷ್ಟ: ಈ ಕಲ್ಲಿನಲ್ಲಿ ಆರ್ಖಾನನ ಹೆಸರಿದೆ. ದುರದೃಷ್ಟವೆಂದರೆ ಅದರ ಕೊನೆಯ ಎರಡಕ್ಷರ ಮಾತ್ರ, ‘ಓನ್’ ಎಂಬುದು, ತಕ್ಕಮಟ್ಟಿಗೆ ಓದಲು ಬರುತ್ತದೆ. ಆ ಶತಮಾನದ ಆರ್ಖಾನರಲ್ಲಿ ಹಾಗೆ ಕೊನೆಗೊಳ್ಳುವ ಹೆಸರಿನವರು ಹಲವರು: 458/7ರ ಹಬ್ರೋನ್, 454/3ರ ಅರಿಸ್ತೋನ್, 421/0ರ ಅರಿಸ್ತಿಯೋನ್, 418/7ರ ಆಂತಿಫೋನ್ ಇತ್ಯಾದಿ. ಸಿಗ್ಮದ ನಿಯಮವನ್ನು ನಂಬಿದವರು ಹಬ್ರೋನನನ್ನು ಕಂಡರು. ಅದಕ್ಕೆ ಹೊಂದುವ ಸಂದರ್ಭವೂ ಇತ್ತು. ಆ ಕಾಲಕ್ಕೆ ಹತ್ತಿರದ ಇನ್ನೊಂದು ಶಾಸನ, ಎರೆಖ್ತೆಯಿಸ್ ಗಣದ ವೀರರು ಒಂದೇ ವರ್ಷದಲ್ಲಿ ಸೈಪ್ರಸ್, ಈಜಿಪ್ಟ್, ಫಿನೀಷಿಯ ಮೊದಲಾದೆಡೆಗಳಲ್ಲಿ ಮಡಿದರೆಂದು ಹೆಸರು ಹೆಸರಾಗಿ ಹೇಳುತ್ತದೆ. ಅಷ್ಟು ದಿಕ್ಕಿಗೆ ಕೈ ಚಾಚಿದವರು ಸಿಸಿಲಿಗೂ ಚಾಚಿರಬಹುದಲ್ಲವೆ? ಮ್ಯಾಟಿಂಗ್ಲಿಯವರು 1963ರಲ್ಲಿ ಆಂತಿಫೋನನ ಹೆಸರನ್ನು ಮುಂದಿಟ್ಟರು. 1973ರಲ್ಲಿ ಬ್ರಾಡೀನ್ ಮತ್ತು ಮೆಕ್‌ಗ್ರೆಗರ್ ಕಲ್ಲನ್ನು ಮರುಪರೀಕ್ಷಿಸಿ ಹಬ್ರೋನನ ಪಕ್ಷದಲ್ಲಿಯೇ ನಿಂತರು.

ಅಂತರ ಕೇವಲ ನಲವತ್ತು ವರ್ಷಗಳದ್ದಲ್ಲ. ಕ್ರಿ.ಪೂ. 416ರ ಚಳಿಗಾಲದಲ್ಲಿ ಸೆಜೆಸ್ಟದ ದೂತರು ಅಥೆನ್ಸಿಗೆ ಬಂದು ನೆರವು ಬೇಡಿದ್ದೂ, ಮುಂದಿನ ವಸಂತದಲ್ಲಿ ಅರವತ್ತು ಟ್ಯಾಲೆಂಟು ಬೆಳ್ಳಿ ತಂದು ತೋರಿಸಿದ್ದೂ, ನೆರೆಯೂರುಗಳಿಂದ ಎರವಲು ತಂದ ಚಿನ್ನದ ಪಾತ್ರೆಗಳಿಂದ ಅಥೆನ್ಸಿನವರ ಕಣ್ಣು ಕೋರೈಸಿದ್ದೂ ಥುಸಿಡಿಡೀಸನ ಆರನೆಯ ಸಂಪುಟದಲ್ಲಿ ಬಂದಿದೆ. 415ರಲ್ಲಿ ಹೊರಟ ಆ ಮಹಾದಂಡಯಾತ್ರೆ 413ರಲ್ಲಿ ಸರ್ವನಾಶವಾಯಿತು. ಮೈತ್ರಿಯ ಕಲ್ಲು 418/7ರದಾದರೆ ಈ ದುರಂತದ ಮೊದಲ ಹೆಜ್ಜೆ ನಮ್ಮ ಕಣ್ಣೆದುರಿಗಿದೆ ಎಂದಾಯಿತು. ಆಗ ಇನ್ನೊಂದು ಪ್ರಶ್ನೆ ತಲೆಯೆತ್ತುತ್ತದೆ. ಆ ಸಂದರ್ಭದಲ್ಲಿ ಥುಸಿಡಿಡೀಸನು ಅದಕ್ಕೂ ಹಿಂದೆ ಲಾಖೀಸನ ಕಾಲದಲ್ಲಾದ ಮೈತ್ರಿಯೊಂದನ್ನು ಹೇಳುತ್ತಾನೆಯೇ ಹೊರತು ಈ ಮೈತ್ರಿಯ ಸುದ್ದಿಯನ್ನೇ ಎತ್ತುವುದಿಲ್ಲ. ಹಳೆಯ ಪಕ್ಷದವರು ಈ ಮೌನವನ್ನು ತಮ್ಮ ಪರವಾಗಿ ಬಳಸಿದ್ದುಂಟು. ಆದರೆ ಒಬ್ಬ ಲೇಖಕನು ತಾನು ತಿಳಿದುದನ್ನೆಲ್ಲ ಹೇಳಿಬಿಡುತ್ತಾನೆಂಬ ಭರವಸೆ ಯಾರಿಗೆ ಯಾರು ಕೊಟ್ಟರು? ಕಲ್ಲು ಹೇಳಿದುದನ್ನು ಗ್ರಂಥದ ಮೌನದಿಂದ ಅಲ್ಲಗಳೆಯುವುದು ದುರ್ಬಲ ವಾದ.

1990ರಲ್ಲಿ ಮಾರ್ಟಿಮರ್ ಚೇಂಬರ್ಸ್, ರಾಲ್ಫ್ ಗಲುಚ್ಚಿ, ಪಾಂತೆಲೀಸ್ ಸ್ಪಾನೋಸ್ ಈ ಮೂವರು ಸವೆದ ಶಿಲೆಯ ಮೂಲಕ ಲೇಸರ್ ಕಿರಣವನ್ನು ಹಾಯಿಸಿ, ಛಾಯಾಚಿತ್ರ ತೆಗೆದು, ಗಣಕಯಂತ್ರದ ನೆರವಿನಿಂದ ಚಿತ್ರವನ್ನು ಸ್ಫುಟಗೊಳಿಸಿ, ಆಂತಿಫೋನನ ಹೆಸರು ಕಾಣುತ್ತಿದೆಯೆಂದು ಘೋಷಿಸಿದರು. ವಿಜ್ಞಾನವೇ ತೀರ್ಪಿತ್ತಿತೆಂದು ಹಲವರು ಹಿಗ್ಗಿದರು. 1992ರಲ್ಲಿ ಅಲನ್ ಹೆನ್ರಿ ಕಲ್ಲನ್ನು ಮತ್ತೆ ನೋಡಿ, ಅವರು ಹೇಳುವ ಅಕ್ಷರಗಳು ತಮಗೆ ಕಾಣುವುದಿಲ್ಲವೆಂದರು. ಹೆನ್ರಿಯವರ ಹಟ ಅತಿಯೆನಿಸಿದರೂ ಅದರ ಹಿಂದಿನ ತತ್ತ್ವ ಸರಿಯಾದುದು. ಯಂತ್ರವು ಕೊಡುವುದು ಬೆಳಕು ನೆರಳುಗಳ ಒಂದು ಚಿತ್ರವನ್ನು. ಇದು ಗೆರೆ, ಇದು ಗೀರು ಎಂದು ವಿಂಗಡಿಸುವುದು ಮನುಷ್ಯನ ಕಣ್ಣೇ. ಆ ಕಣ್ಣಿಗೆ ಯಾವ ಹೆಸರು ಬೇಕೆಂಬುದು ಮೊದಲೇ ತಿಳಿದಿತ್ತಲ್ಲವೆ? ಆದ್ದರಿಂದ 2004ರಲ್ಲಿ ಅಥೆನ್ಸಿನ ಶಾಸನತಜ್ಞ ಆಂಗೆಲೋಸ್ ಮತ್ಥೇಯು ಕಲ್ಲನ್ನು ಮತ್ತೆ ಓದಿ ಆಂತಿಫೋನನನ್ನೇ ದೃಢಪಡಿಸಿದ್ದು ಲೇಸರಿಗಿಂತಲೂ ಹೆಚ್ಚು ತೂಕದ ಮಾತೆಂದು ನಾನು ಎಣಿಸುತ್ತೇನೆ. 2017ರಲ್ಲಿ ಆಸ್‌ಬೋರ್ನ್ ಮತ್ತು ರೋಡ್ಸ್ ಪ್ರಕಟಿಸಿದ ಗ್ರೀಕ್ ಚಾರಿತ್ರಿಕ ಶಾಸನಗಳ ಸಂಕಲನದಲ್ಲಿ ಈ ಕಲ್ಲು 418/7ರ ಸ್ಥಾನದಲ್ಲಿಯೇ ಕುಳಿತಿದೆ. ಮ್ಯಾಟಿಂಗ್ಲಿಯವರು 2015ರಲ್ಲಿ ನಿಧನರಾದರು. ಅಷ್ಟರೊಳಗೆ ತಮ್ಮ ಪಕ್ಷ ಗೆದ್ದುದನ್ನು ಕಂಡಿದ್ದರು.

ಹಾಗಾದರೆ ನಿಯಮ ಎಲ್ಲಿ ಎಡವಿತು? ಕಲ್ಲಿನ ಮೇಲೆ ಅಕ್ಷರ ಬರೆಯುವುದು ಶತಮಾನವಲ್ಲ, ಉಳಿ ಹಿಡಿದ ಒಬ್ಬ ಮನುಷ್ಯ. ನಮ್ಮ ಶಾಸನಗಳ ಮಾತಿನಲ್ಲಿ ರೂವಾರಿ. ತರುಣನಾಗಿದ್ದಾಗ ಗುರುವಿನ ಬಳಿ ಮೂರು ಗೆರೆಯ ಸಿಗ್ಮ ಕಲಿತವನು ಮುದುಕನಾಗುವವರೆಗೂ ಅದನ್ನೇ ಕೆತ್ತಬಹುದು. ಪಕ್ಕದಲ್ಲಿ ಕುಳಿತ ಹುಡುಗ ನಾಲ್ಕು ಗೆರೆ ಕೆತ್ತುತ್ತಿರಬಹುದು. ಇಡೀ ಊರಿನ ರೂವಾರಿಗಳು ಒಂದು ದಿನ ಸಭೆ ಸೇರಿ ಹಳೆಯ ಸಿಗ್ಮವನ್ನು ತ್ಯಜಿಸಿದರೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಿಯಮ ಮಾತ್ರ ಅದನ್ನೇ ಗ್ರಹಿಸಿಕೊಂಡಿತ್ತು. ಕ್ರಿ.ಪೂ. 403/2ರಲ್ಲಿ ಅಥೆನ್ಸು ಅಯೋನಿಯದ ವರ್ಣಮಾಲೆಯನ್ನು ಅಧಿಕೃತವಾಗಿ ಸ್ವೀಕರಿಸಿದ್ದುಂಟು. ಅಂಥ ರಾಜಾಜ್ಞೆಯೊಂದು ಸಿಗ್ಮದ ಗೆರೆಗೆ ಇರಲಿಲ್ಲ. ಸ್ಟೀಫನ್ ಟ್ರೇಸಿಯವರು ಅಕ್ಷರದ ಪ್ರತ್ಯೇಕ ಆಕಾರವನ್ನು ಬಿಟ್ಟು ಒಬ್ಬೊಬ್ಬ ರೂವಾರಿಯ ಕೈವಾಡವನ್ನೇ ಗುರುತಿಸುವ ವಿಧಾನವನ್ನು ಬೆಳೆಸಿ, ಐದನೆಯ ಶತಮಾನದ ಕೈಗಳನ್ನು ಕುರಿತು 2016ರಲ್ಲಿ ಗ್ರಂಥವನ್ನು ಪ್ರಕಟಿಸಿದ್ದಾರೆ. ಸಿಗ್ಮದ ಎಣಿಕೆಗಿಂತ ಈ ದಾರಿ ಹೆಚ್ಚು ಮನುಷ್ಯಸಹಜವಾದುದು.

ಮ್ಯಾಟಿಂಗ್ಲಿಯವರಲ್ಲಿ ದೋಷವಿಲ್ಲವೆಂದಲ್ಲ. ಬಾಗಿಲು ತೆರೆದವರಿಗೆ ಮನೆಯನ್ನೆಲ್ಲ ಬರಿದು ಮಾಡುವ ಉತ್ಸಾಹ ಬರುವುದುಂಟು. ತೇದಿಯಿಲ್ಲದ ನಿರ್ಣಯಗಳನ್ನು ಒಂದಾದ ಮೇಲೊಂದರಂತೆ ಈಚೆಗೆ ಎಳೆಯುತ್ತ ಹೋದ ಅವರು ಕೆಲವೆಡೆ ತಾವೇ ಟೀಕಿಸಿದ ಸಂಪಾದಕರಷ್ಟೇ ಧಾರಾಳವಾಗಿ ಪೂರಣಗಳನ್ನು ಮಾಡಿದರು. ಅರ್ನ್‌ಸ್ಟ್ ಬಾಡಿಯನ್ 1989ರಲ್ಲಿ ‘ಚೌಕ ಕಂಸಗಳಿಂದ ಚರಿತ್ರೆ’ ಎಂಬರ್ಥದ ತಲೆಬರಹವಿತ್ತು ಬರೆದ ಎಚ್ಚರಿಕೆ ಎರಡು ಪಕ್ಷಗಳಿಗೂ ಸಲ್ಲುತ್ತದೆ. ಒಬ್ಬನು ಕಂಸದೊಳಗೆ ಒಂದು ಪದವನ್ನು ಊಹಿಸುತ್ತಾನೆ. ಮುಂದಿನವನು ಕಂಸವನ್ನು ಬಿಟ್ಟು ಪದವನ್ನು ಉದ್ಧರಿಸುತ್ತಾನೆ. ಮೂರನೆಯವನು ಅದನ್ನೇ ಆಧಾರವಾಗಿಟ್ಟುಕೊಂಡು ಇನ್ನೊಂದು ಕಲ್ಲಿನ ಕಂಸವನ್ನು ತುಂಬುತ್ತಾನೆ. ಫ್ರಾನ್ಸಿನ ಲೂಯಿ ರೊಬೇರ್ ಈ ರೋಗಕ್ಕೆ ಹೇಳಿದ ಮದ್ದು ಸಾವಧಾನವಾದುದು. ಪೂರಣ ಮಾಡುವ ಮೊದಲು ಅದೇ ನುಡಿಗಟ್ಟು ಬೇರೆ ಎಷ್ಟು ಕಲ್ಲುಗಳಲ್ಲಿ ನಿಜವಾಗಿ ಉಳಿದಿದೆ ಎಂದು ನೋಡಬೇಕು. ಸಿಗದಿದ್ದರೆ ಜಾಗವನ್ನು ಖಾಲಿ ಬಿಡಬೇಕು. ಅವರೂ ಅವರ ಪತ್ನಿ ಝಾನ್ ರೊಬೇರ್ ಅವರೂ 1938ರಿಂದ 1984ರವರೆಗೆ ಪ್ರಕಟಿಸುತ್ತ ಬಂದ ಶಾಸನವಾರ್ತೆಯಲ್ಲಿ ಪರರ ಪೂರಣಗಳನ್ನು ಹೀಗೆ ಒರೆಗೆ ಹಚ್ಚಿದ ಪರಿ ಕೆಲವರಿಗೆ ನಿರ್ದಯವಾಗಿ ಕಂಡಿದೆ. ನನಗೆ ಹಾಗೆ ತೋರುವುದಿಲ್ಲ.

ಎಲ್ಲ ಕಲ್ಲುಗಳ ವ್ಯಾಜ್ಯವೂ ತೀರಿಲ್ಲ. ನಾಣ್ಯಶಾಸನವು ಯುದ್ಧಕಾಲಕ್ಕೆ ಮರಳಿದೆ. ಯುದ್ಧದ ಯಾವ ವರ್ಷಕ್ಕೆಂಬುದರಲ್ಲಿ ಒಮ್ಮತವಿಲ್ಲ. ಕಪ್ಪವಸೂಲಿಯನ್ನು ಬಿಗಿಗೊಳಿಸಿದ ಕ್ಲೈನಿಯಾಸನ ನಿರ್ಣಯ ಇನ್ನೊಂದು. ಅದನ್ನು ಮಂಡಿಸಿದ ಕ್ಲೈನಿಯಾಸನು 447/6ರಲ್ಲಿ ಕೊರೊನೇಯದ ಕಾಳಗದಲ್ಲಿ ಮಡಿದ ಆಲ್ಸಿಬಿಯಾಡೀಸನ ತಂದೆಯೇ ಆಗಿದ್ದರೆ ನಿರ್ಣಯವು ಅದಕ್ಕೂ ಹಿಂದಿನದು. ಅದೇ ಹೆಸರಿನ ಬೇರೊಬ್ಬನಾಗಿದ್ದರೆ, ಮ್ಯಾಟಿಂಗ್ಲಿ ಸೂಚಿಸಿದಂತೆ, 425/4ರದಾಗಬಹುದು. ಆ ಕಲ್ಲಿನಲ್ಲಿ ಉಳಿದಿರುವುದು ಕ್ಲೈನಿಯಾಸನ ಹೆಸರು ಮಾತ್ರ. ಅವನ ತಂದೆಯ ಹೆಸರಿಲ್ಲ, ಆರ್ಖಾನನ ಹೆಸರೂ ಇಲ್ಲ.